ಹಳೇ ಫೈಲ್ ಎತ್ತಿಟ್ಟಿದ್ದ ಅತ್ತೆಗೆ

ಮೊನ್ನೆ ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ಇಷ್ಟು ದಿನ ಫೋನ್ ಮಾಡಿದವರಿಗೆಲ್ಲ ಬರೀ "ಆರಾಮಿದ್ದೀನಿ" ಅಂದಿದ್ದೆ. ಈಗ ಪೂರ್ತಿ ಹೇಳುತ್ತೇನೆ.

2016ರಲ್ಲಿ ಫೈಬ್ರಾಯ್ಡ್, ಅಂದ್ರೆ ಗರ್ಭಕೋಶದಲ್ಲಿ ಬೆಳೆಯುವ ಕ್ಯಾನ್ಸರ್ ಅಲ್ಲದ ಗಡ್ಡೆ, ಜಾಸ್ತಿಯಾಗಿ, ಕೀಹೋಲ್ ಆಪರೇಷನ್ ಮಾಡಿಸಿ ಗರ್ಭಕೋಶ ತೆಗೆಸಿದ್ದೆ. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಈ ವರ್ಷ ಹೊಟ್ಟೆಯ ಎಡಗಡೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಗ್ಯಾಸ್ ಇರಬೇಕು ಅಂತ ಎರಡು ತಿಂಗಳು ಜೀರಿಗೆ ಕಷಾಯ ಕುಡಿದೆ! ಸ್ಕ್ಯಾನಿಂಗ್‌ನಲ್ಲಿ ಕಂಡಿದ್ದು ಎರಡು ಗಡ್ಡೆ. ಗರ್ಭಕೋಶವೇ ಇಲ್ಲದ ಮೇಲೆ ಗಡ್ಡೆ ಎಲ್ಲಿಂದ?

ಡಾಕ್ಟರ್ ಮೇಡಂ ಹಳೇ ಕಾಗದ ಕೇಳಿದರು. ಮನೆ ಬದಲಿಸುವಾಗ ಎಸೆದಾಯ್ತು ಅಂದೆ. ಅತ್ತೆ ಸುಮ್ನೆ ಒಳಗೆ ಹೋಗಿ ಸೀರೆ ಅಂಗಡಿಯ ಹಳದಿ ಚೀಲ ತಂದರು. ರೇಷನ್ ಕಾರ್ಡ್, ಎಲ್‌ಐಸಿ ಬಾಂಡ್, ನಡುವೆ ನನ್ನ ಫೈಲ್. ಮರುದಿನ ಮೇಡಂ ಓದುತ್ತಾ ಹೋಗಿ ಒಂದು ಪದದ ಮೇಲೆ ಬೆರಳಿಟ್ಟರು: ಮಾರ್ಸಲೇಟರ್.

ಸಣ್ಣ ತೂತಿನಿಂದ ದೊಡ್ಡ ಗಡ್ಡೆ ಬರಲ್ಲ ಅಲ್ವಾ? ಅದಕ್ಕೇ ಈ ಯಂತ್ರದ ತಿರುಗುವ ಬ್ಲೇಡಿನಲ್ಲಿ ಒಳಗೇ ಕತ್ತರಿಸಿ ಎಳೆಯುತ್ತಾರೆ. ಅಪರೂಪಕ್ಕೆ ಒಂದು ಚೂರು ಉಳಿದು, ಹೊಟ್ಟೆಯ ಒಳಪೊರೆಗೋ ಕರುಳಿಗೋ ಅಂಟಿಕೊಂಡು, ಅಲ್ಲಿನ ರಕ್ತ ಹೀರುತ್ತಾ ವರ್ಷಗಟ್ಟಲೆ ಬೆಳೆಯುತ್ತದಂತೆ. ನನ್ನ ಅಂಡಾಶಯ ಉಳಿಸಿದ್ದರಿಂದ ಹಾರ್ಮೋನೂ ಸಿಗುತ್ತಿತ್ತು. ಹೆಸರು ಪ್ಯಾರಸಿಟಿಕ್ ಫೈಬ್ರಾಯ್ಡ್. ನನಗೆ ಮಾವಿನ ಮರದ ಬಂದಳಿಕೆ ನೆನಪಾಯಿತು. ಫೈಬ್ರಾಯ್ಡ್ ಅಂದುಕೊಂಡದ್ದರಲ್ಲಿ ಕ್ಯಾನ್ಸರ್ ಅಡಗಿದ್ದರೆ ಈ ಯಂತ್ರದಿಂದ ಅದೂ ಹರಡಬಹುದು ಅಂತ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿತ್ತು. ಈಗ ಗಡ್ಡೆಯನ್ನು ಚೀಲದೊಳಗೆ ಹಾಕಿಕೊಂಡು ಕತ್ತರಿಸುವ ಪದ್ಧತಿಯೂ ಇದೆಯಂತೆ. ನನಗೆ ಆಗ ಇದ್ಯಾವುದನ್ನೂ ಯಾರೂ ಹೇಳಿರಲಿಲ್ಲ. ಆ ಸಿಟ್ಟು ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ.

ಈ ಸಲದ ಆಪರೇಷನ್‌ನಲ್ಲಿ, ಕರುಳಿಗೆ ಅಂಟಿದ್ದ ಗಡ್ಡೆಯನ್ನು ಕರುಳಿಗೆ ಗಾಯವಾಗದಂತೆ ಬಿಡಿಸಿದ ಮೇಡಂಗೆ, ಅವರ ಜೊತೆ ನಿಂತ ಸರ್ಜನ್‌ಗೆ ಕೈಮುಗಿದೆ. ರಕ್ತ ಕೊಟ್ಟ ನಮ್ಮ ಆಫೀಸಿನ ಇಬ್ಬರು ಹುಡುಗರಿಗೆ ಒಂದು ಊಟ ಬಾಕಿ ಇದೆ. ರಾತ್ರಿ ಪಾಳಿಯ ಸಿಸ್ಟರ್, "ಅಕ್ಕಾ, ಕೆಮ್ಮು ಬಂದ್ರೆ ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೊಳ್ಳಿ" ಅಂತ ಹೇಳಿಕೊಟ್ಟರಲ್ಲ, ಆ ಉಪಕಾರ ಹೊಲಿಗೆ ಹಾಕಿಸಿಕೊಂಡವರಿಗೇ ಗೊತ್ತು. ಕೆಳಗಿನ ಮನೆ ಆಂಟಿಯ ಗಂಜಿಗೂ ಋಣಿ, ಉಪ್ಪು ಕಮ್ಮಿಯಿದ್ದರೂ.

ಅತ್ತೆಗೆ ಥ್ಯಾಂಕ್ಸ್ ಅಂದರೆ ನಗುತ್ತಾರೆ. ಹೊಸ ರಿಪೋರ್ಟೂ ಆಗಲೇ ಹಳದಿ ಚೀಲ ಸೇರಿದೆ. ಫೋಟೋ ತೆಗೆಯೋಣ ಅಂತ ಕೇಳಿದೆ. "ಮುಟ್ಟಬೇಡ, ನೀನು ಎಸೀತೀಯ" ಅಂದರು.