ಮಕರಂದ ಹೀರುವ ಗಿಳಿಗಳ ಕುರಿತು

ಮಾನ್ಯ ಸಂಪಾದಕರೇ,

ಮುಂಬಯಿಯ ಸಾಕುಪ್ರಾಣಿ ಅಂಗಡಿಗಳಲ್ಲಿ ‘ಲೋರಿ’ ಎಂಬ ಬಣ್ಣಬಣ್ಣದ ವಿದೇಶಿ ಗಿಳಿಗಳಿಗೆ ಮನಸೋಲುವವರು ಅವುಗಳ ಕಾಡಿನ ಬದುಕನ್ನೂ ತಿಳಿದಿರಬೇಕು. ಇವುಗಳ ನಾಲಗೆಯ ತುದಿಯಲ್ಲಿ ಕುಂಚದಂತಹ ಸಣ್ಣ ಎಳೆಗಳಿದ್ದು, ಹೂವಿನೊಳಗಿನ ಮಕರಂದ ಮತ್ತು ಪರಾಗವನ್ನು ಅವುಗಳಿಂದಲೇ ಬಳಿದು ತಿನ್ನುತ್ತವೆ. ಬರೀ ಕಾಳು ಹಾಕಿ ಸಾಕುವುದು ಅವುಗಳಿಗೆ ಹಿಂಸೆಯೇ ಸರಿ. (ನಮ್ಮ ಕಾಡಿನ ಗಿಳಿಗಳನ್ನು ಸಾಕುವುದಂತೂ ಅಪರಾಧವೆಂಬುದು ಬೇರೆ ಮಾತು.)

ಇದೇ ಬಳಗಕ್ಕೆ ಸೇರಿದ, ಪೆಸಿಫಿಕ್ ಸಾಗರದ ರಿಮತಾರಾ ದ್ವೀಪದ ಕೆಂಪೆದೆಯ ಪುಟ್ಟ ಗಿಳಿ ಇಂದಿಗೂ ಉಳಿದಿರುವುದಕ್ಕೆ ಅಲ್ಲಿನ ರಾಣಿಯೊಬ್ಬರು ಅದಕ್ಕೆ ಹಾನಿ ಮಾಡಬಾರದೆಂದು ವಿಧಿಸಿದ ನಿಷೇಧ ಒಂದು ಕಾರಣವಾದರೆ, ಮರವೇರಿ ಪೊಟರೆಯ ಮೊಟ್ಟೆ, ಮರಿಗಳನ್ನು ತಿನ್ನುವ ಹಡಗುಗಳ ಮೂಲಕ ಹರಡುವ ಕಪ್ಪು ಇಲಿ ಆ ದ್ವೀಪದಲ್ಲಿ ನೆಲೆಯೂರದೆ ಇದ್ದುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು. 2007ರಲ್ಲಿ ರಿಮತಾರಾದ 27 ಗಿಳಿಗಳನ್ನು ಈ ಕಪ್ಪು ಇಲಿಯಿಲ್ಲದ, ಪೆಸಿಫಿಕ್‌ನದೇ ಆದ ಅಟಿಯು ದ್ವೀಪಕ್ಕೆ ಒಯ್ದು ಬಿಡಲಾಗಿ, ಅಲ್ಲಿ ಅವು ಮರಿ ಮಾಡಿವೆ.

ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ವಿದೇಶಿ ಪಕ್ಷಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕೆಂಬ 2024ರ ನಿಯಮವನ್ನು ಅಂಗಡಿಗಳು ಗ್ರಾಹಕರಿಗೆ ಕಾಣುವಂತೆ ಬರೆದು ಹಾಕುವ ಹಾಗೆ ಅರಣ್ಯ ಇಲಾಖೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಡೊಂಬಿವಲಿ