ಹಣ ಪಡೆಯಲು ಕ್ಯೂಆರ್ ಇದೆ, ಪೊಟ್ಟಣದ ಮೇಲೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಕಣ್ಣು ಕಾಣದವರಿಗೆ ಇನ್ನು ಮೊಬೈಲೇ ಕಣ್ಣು ಎಂದು ಈಚೆಗೆ ಎಲ್ಲರೂ ಹೇಳತೊಡಗಿದ್ದಾರೆ. ಮದುವೆ ಮನೆಯಲ್ಲಿ ಸಿಕ್ಕವರೂ ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟವೊಂದರಲ್ಲಿ ಇಪ್ಪತ್ತಾರು ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವನು ನಾನು. ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋದ ಮೇಲೆ ಈ ಮೊಬೈಲ್ ಕಣ್ಣನ್ನೇ ನೆಚ್ಚಿಕೊಂಡಿದ್ದೇನೆ. ಈ ಪತ್ರವನ್ನೂ ಫೋನಿಗೆ ಬಾಯಲ್ಲಿ ಹೇಳಿಯೇ ಬರೆಸಿದ್ದು. ಒತ್ತಕ್ಷರಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಹಾಗಾಗಿ ಜನ ಹೇಳುವುದು ಸುಳ್ಳಲ್ಲ. ಆದರೆ ಆ ಕಣ್ಣು ಓದುವಂಥದ್ದು ಅಂಗಡಿಯ ಸಾಮಾನಿನ ಮೇಲೆ ಏನಾದರೂ ಇರಬೇಕಲ್ಲ?

ಮೈಕ್ರೋಸಾಫ್ಟ್‌ನವರ ಸೀಯಿಂಗ್ ಎಐ ಎಂಬ ಆ್ಯಪ್ 2017ರಲ್ಲಿ ಐಫೋನಿಗೆ ಬಂತು. ನಮ್ಮಂಥವರ ಆಂಡ್ರಾಯ್ಡ್ ಫೋನಿಗೆ ಬರುವಾಗ 2023ರ ಡಿಸೆಂಬರ್ ಆಯಿತು. ಪೊಟ್ಟಣವನ್ನು ಕ್ಯಾಮೆರಾದ ಮುಂದೆ ಹಿಡಿದು ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ಬಾರ್‌ಕೋಡಿನ ಅಂಚು ಕಂಡರೆ ಫೋನ್ ಬೀಪ್ ಎನ್ನುತ್ತದೆ, ಹತ್ತಿರವಾದಷ್ಟೂ ಬೀಪ್ ಬಿರುಸಾಗುತ್ತದೆ, ಸರಿಯಾಗಿ ಸಿಕ್ಕ ಕೂಡಲೇ ವಸ್ತುವಿನ ಹೆಸರು ಹೇಳುತ್ತದೆ. ತೋಟದೊಳಗೆ ತಪ್ಪಿಸಿಕೊಂಡ ಹಸುವನ್ನು ಕೊರಳ ಗಂಟೆಯ ಜಾಡು ಹಿಡಿದು ಹುಡುಕಿದ ಹಾಗೆ. ಬಿಸ್ಕತ್ತಿನ ಪೊಟ್ಟಣವಾದರೆ ಬೆನ್ನಿನ ಅಂಟಿನ ಪಕ್ಕ, ರಟ್ಟಿನ ಡಬ್ಬಿಯಾದರೆ ತಳದಲ್ಲೋ ಬದಿಯಲ್ಲೋ ಎಂದು ಕೈಗೇ ಒಂದು ಅಂದಾಜು ಬಂದಿದೆ. ದುಂಡಗಿನ ಬಾಟಲಿ ಮಾತ್ರ ಇನ್ನೂ ಸತಾಯಿಸುತ್ತದೆ. ಶುರುವಿನಲ್ಲಿ ಒಂದು ವಾರ ಏನು ಮಾಡಿದರೂ ಬೀಪ್ ಬರಲಿಲ್ಲ, ಫೋನ್ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ನಾನು ಕತ್ತಲೆಯಲ್ಲಿ ಕೂತಿದ್ದೆ. ನನಗೆ ಬೇಡದ ದೀಪ ಫೋನಿಗೆ ಬೇಕು!

ಇಷ್ಟೆಲ್ಲ ಮಾಡಿದರೂ ಆ ಗೆರೆಗಳಲ್ಲಿ ಸಿಗುವುದು ಬರೀ 13 ಅಂಕಿ. 890ರಿಂದ ಶುರುವಾದರೆ ಜಿಎಸ್1 ಇಂಡಿಯಾ ಎಂಬ ಸಂಸ್ಥೆ ಕೊಟ್ಟ ನಂಬರು ಎಂದು ಲೆಕ್ಕ. ಹೆಸರು, ಬೆಲೆ, ಯಾವಾಗಿನವರೆಗೆ ಬಳಸಬಹುದು, ಯಾವುದೂ ಅದರಲ್ಲಿಲ್ಲ. ಫೋನ್ ಆ ನಂಬರನ್ನು ಹಿಡಿದುಕೊಂಡು ಇಂಟರ್ನೆಟ್ಟಿನಲ್ಲಿರುವ ಪಟ್ಟಿಯಲ್ಲಿ ತಡಕಬೇಕು. ದೊಡ್ಡ ಕಂಪನಿಯ ಸೋಪು, ಟೂತ್‌ಪೇಸ್ಟ್ ಆದರೆ ಸಾಮಾನ್ಯವಾಗಿ ಸಿಗುತ್ತದೆ. ನಮ್ಮದೇ ಊರಿನ ಕಾಫಿ ಪುಡಿ ಹಿಡಿದರೆ ‘ವಸ್ತು ಪತ್ತೆಯಾಗಿಲ್ಲ’ ಎಂಬ ಉತ್ತರ. ಅದೂ ನೆಟ್‌ವರ್ಕ್ ಇದ್ದರೆ. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ಟವರೂ ಮಲಗಿದ ಮೇಲೆ ನಮ್ಮ ಫೋನು ಏನನ್ನು ಹುಡುಕೀತು ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಮನೆಯಲ್ಲೇ ತಯಾರಾಗಿ ಅಂಗಡಿಗೆ ಬರುವ ಸಾಮಾನು ಎಷ್ಟಿಲ್ಲ? ಜೇನು, ಕಾಳುಮೆಣಸು, ಚಾಕೊಲೇಟು, ಹಣ್ಣಿನ ವೈನ್, ಕಾಚಂಪುಳಿ. ಬಹುಪಾಲಿಗೆ ಬಾರ್‌ಕೋಡೇ ಇಲ್ಲ. ಬಾಟಲಿ ಮಾತ್ರ ಎಲ್ಲದಕ್ಕೂ ಒಂದೇ ಅಳತೆಯದು. ಮುಚ್ಚಳ ತೆಗೆದದ್ದಾದರೆ ನನಗೆ ಚಿಂತೆಯಿಲ್ಲ, ಮೂಗೇ ನನ್ನ ಸ್ಕ್ಯಾನರು. ಸೀಲ್ ಒಡೆಯದ ಬಾಟಲಿಯದ್ದೇ ಕಷ್ಟ. ಕಳೆದ ಪುತ್ತರಿ ಹಬ್ಬಕ್ಕೆ ಮೈಸೂರಿನಿಂದ ನೆಂಟರು ಬಂದಿದ್ದರು. ಹೊರಡುವ ಹೊತ್ತಿಗೆ ಹೆಂಡತಿ ಪಕ್ಕದ ಮನೆಗೆ ಹೋಗಿದ್ದಳು. ಬರಿಗೈಲಿ ಕಳಿಸುವುದು ಹೇಗೆಂದು ಬೀರುವಿನಿಂದ ಒಂದು ಬಾಟಲಿ ತೆಗೆದು, ಎರಡು ಸಲ ಅಲುಗಿಸಿ ನೋಡಿ, ‘ತೋಟದ ಜೇನು, ಮಗುವಿನ ಕೆಮ್ಮಿಗೆ ಒಳ್ಳೆಯದು’ ಎಂದು ದೊಡ್ಡ ಮನುಷ್ಯನಂತೆ ಕೊಟ್ಟೆ. ಮಾರನೇ ದಿನ ಬೆಳಿಗ್ಗೆ ಫೋನು. ಕೊಟ್ಟದ್ದು ಜೇನಲ್ಲ, ಪಣಪುಳಿ ಹಣ್ಣಿನ ರಸವನ್ನು ಕಪ್ಪಗಾಗುವ ತನಕ ಕುದಿಸಿ ಇಳಿಸಿದ ಕಡು ಹುಳಿ, ಕಾಚಂಪುಳಿ! ಪಂದಿ ಕರಿಗೆ ಎರಡು ಚಮಚ ಬಿದ್ದರೆ ಸಾಕಾಗುವುದನ್ನು ಪಾಪ ಆ ಮಗು ಚಪಾತಿಗೆ ಸವರಿಕೊಂಡು ಕಚ್ಚಿತ್ತು. ನೆಂಟರು ನಕ್ಕರು. ನಾನೂ ನಕ್ಕೆ, ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಮಾತ್ರೆಯ ವಿಷಯಕ್ಕೆ ಬಂದರೆ ನಗುವಂತೆಯೂ ಇಲ್ಲ. ಬಿಪಿಗೊಂದು, ಸಕ್ಕರೆಗೊಂದು, ಐದೈದು ಮಾತ್ರೆ ತಂದಿದ್ದೆ. ಹತ್ತರ ಹಾಳೆಯಿಂದ ಕತ್ತರಿ ಹಾಕಿ ಕೊಟ್ಟದ್ದು. ರಾತ್ರಿ ಕರೆಂಟಿಲ್ಲ. ಟಾರ್ಚ್ ಹಾಕಿದರೆ ಹಾಳೆಯ ಹೊಳಪಿಗೆ ಕ್ಯಾಮೆರಾ ಕುರುಡಾಗುತ್ತದೆ, ಆರಿಸಿದರೆ ಕತ್ತಲೆ. ಹಾಳೆಯನ್ನು ಆ ಕಡೆ ಈ ಕಡೆ ವಾಲಿಸಿ ಕಾಲು ಗಂಟೆ ಗುದ್ದಾಡಿದ ಮೇಲೆ ಫೋನ್ ಓದಿದ್ದು ಇಷ್ಟು: ‘ಟ್ಯಾಬ್ಲೆಟ್ಸ್ ಐಪಿ.’ ಎರಡನೆಯದಕ್ಕೂ ‘ಟ್ಯಾಬ್ಲೆಟ್ಸ್ ಐಪಿ.’ ಐಪಿ ಎಂದರೆ ಭಾರತದ ಔಷಧ ಮಾನದಂಡದ ಗುರುತು, ಮಾತ್ರೆಯ ಹೆಸರಲ್ಲ. ಹೆಸರು, ತಾರೀಖು ಇದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. ಆ ರಾತ್ರಿ ಎರಡನ್ನೂ ನುಂಗದೆ ಮಲಗಿದೆ. ಅಂಗಡಿಯವರನ್ನು ದೂರುತ್ತಿಲ್ಲ, ಐದೇ ಸಾಕು ಎಂದವನು ನಾನೇ.

ಕೇಂದ್ರ ಆರೋಗ್ಯ ಸಚಿವಾಲಯದ ನಿಯಮದಂತೆ 2023ರ ಆಗಸ್ಟ್ 1ರಿಂದ 300 ಔಷಧ ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಇಲ್ಲವೇ ಕ್ಯೂಆರ್ ಕೋಡ್ ಕಡ್ಡಾಯ. ಔಷಧದ ಹೆಸರು, ಬ್ಯಾಚ್ ನಂಬರು, ತಯಾರಾದ ದಿನ, ಅವಧಿ ಮುಗಿಯುವ ದಿನ ಎಲ್ಲವೂ ಅದರಲ್ಲಿ ಸಿಗಬೇಕು. ನಕಲಿ ಔಷಧ ತಡೆಯಲು ಮಾಡಿದ ನಿಯಮವಾದರೂ ಪ್ರಯೋಜನ ನಮಗೂ ಇದೆ. ತೊಡಕು ಇಷ್ಟೇ: ಹಾಳೆಯ ಮೇಲೆ ಜಾಗ ಸಾಲದಿದ್ದರೆ ಹೊರಗಿನ ಡಬ್ಬಿಯ ಮೇಲೆ ಹಾಕಿದರೂ ನಡೆಯುತ್ತದೆ. ಡಬ್ಬಿ ಮನೆಗೆ ಬರುವುದಿಲ್ಲ, ಬರುವುದು ಕತ್ತರಿಸಿದ ತುಂಡು. ಯುರೋಪಿನಲ್ಲಿ ಔಷಧದ ಡಬ್ಬಿಯ ಮೇಲೆ ಹೆಸರು ಬ್ರೈಲ್‌ನಲ್ಲಿರಬೇಕೆಂದು 2004ರಲ್ಲೇ ಕಾನೂನು ಮಾಡಿದರು. ಅದು ಒಳ್ಳೆಯದೇ, ಆದರೆ ಐವತ್ತು ದಾಟಿ ಕಣ್ಣು ಹೋದ ನನ್ನ ಬೆರಳಿಗೆ ಬ್ರೈಲ್ ಹತ್ತಲಿಲ್ಲ. ಮೆಡಿಕಲ್ ಅಂಗಡಿಯವರಲ್ಲಿ ನಾನು ಕೇಳುವುದು ಸಣ್ಣದು. ಕಣ್ಣು ಕಾಣದವರಿಗೆ ಕೊಡುವಾಗ ಹೆಸರಿರುವ ತುದಿಯನ್ನು ನಮಗೆ ಬಿಡಿ, ಇನ್ನೊಂದು ತುದಿಯಿಂದ ಕತ್ತರಿಸಿ. ಡಬ್ಬಿ ಖಾಲಿಯಾಗಿದ್ದರೆ ಅದನ್ನೂ ಜೊತೆಗೆ ಹಾಕಿಕೊಡಿ.

ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್ಎಸ್ಎಸ್ಎಐ, 2023ರಲ್ಲಿ ದೃಷ್ಟಿಹೀನರಿಗಾಗಿಯೇ ಆಹಾರದ ಪೊಟ್ಟಣಗಳ ಮೇಲೆ ಕ್ಯೂಆರ್ ಕೋಡ್ ಹಾಕಿ ಎಂದು ತಯಾರಕರಿಗೆ ಹೇಳಿತು. ಬರೀ ಸಲಹೆ. ಸಲಹೆಗೆ ನಮ್ಮಲ್ಲಿ ಎಷ್ಟು ಬೆಲೆ ಎಂಬುದು ನಿಮಗೂ ಗೊತ್ತು.

ಹಾಗೆಂದು ನಮ್ಮ ಜೇನಿನವರು, ಕಾಫಿ ಪುಡಿಯವರು ಕಾನೂನಿಗೆ ಕಾಯಬೇಕಾಗಿಲ್ಲ. ಭಾಗಮಂಡಲದಿಂದ ಶನಿವಾರಸಂತೆಯ ತನಕ ಯಾವ ಅಂಗಡಿಗೆ ಹೋದರೂ ಹಣ ತೆಗೆದುಕೊಳ್ಳಲು ಗಲ್ಲಾದ ಮೇಲೆ ಕ್ಯೂಆರ್ ಕೋಡ್ ಇದೆ. ಕೊಟ್ಟ ವಸ್ತು ಏನೆಂದು ಹೇಳಲು ಮಾತ್ರ ಇಲ್ಲ. 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯಲ್ಲಿ ಹುಟ್ಟಿದ ಈ ಚೌಕವನ್ನು ಹೇಗೆ ತಿರುಗಿಸಿ ಹಿಡಿದರೂ ಫೋನ್ ಓದುತ್ತದೆ, ಸ್ವಲ್ಪ ಹರಿದರೂ ಓದುತ್ತದೆ. ಎಲ್ಲಕ್ಕಿಂತ ಮುಖ್ಯ, ಅದರೊಳಗೆ ವೆಬ್‌ಸೈಟಿನ ವಿಳಾಸವನ್ನೇ ತುಂಬಬೇಕೆಂದಿಲ್ಲ. ‘ಕಾಚಂಪುಳಿ, ಅರ್ಧ ಲೀಟರ್, ಇಂಥ ತಿಂಗಳು ತಯಾರಿಸಿದ್ದು, ಇಂಥ ತಿಂಗಳ ತನಕ ಬಳಸಿ’ ಎಂದು ಕನ್ನಡದ ಅಕ್ಷರಗಳನ್ನೇ ತುಂಬಬಹುದು. ಕೆಲವು ನೂರು ಅಕ್ಷರ ಧಾರಾಳವಾಗಿ ಹಿಡಿಯುತ್ತದೆ. ಆಗ ಟವರ್ ಮಲಗಿದ್ದರೂ ಫೋನ್ ಓದಿ ಕನ್ನಡದಲ್ಲೇ ಹೇಳುತ್ತದೆ. ಅಂಥ ಕೋಡ್ ಮಾಡಿಕೊಳ್ಳಲು ದುಡ್ಡು ಬೇಡ. ಲೇಬಲ್ ಹೇಗೂ ಅಚ್ಚಾಗುತ್ತದೆ, ಅದರ ಮೂಲೆಯಲ್ಲಿ ಒಂದು ಚೌಕ ಸೇರಬೇಕು. ಕೋಡ್ ಇರುವ ಮೂಲೆಯನ್ನು ಕತ್ತರಿಯಿಂದ ಸಣ್ಣಗೆ ಕಚ್ಚು ಮಾಡಿಟ್ಟರೆ ನಮ್ಮ ಬೆರಳು ನೇರ ಅಲ್ಲಿಗೇ ಹೋಗುತ್ತದೆ, ಬಾಟಲಿಯನ್ನು ಗಿರಗಿರ ತಿರುಗಿಸುವ ಕೆಲಸವೂ ತಪ್ಪುತ್ತದೆ.

ಮೊಮ್ಮಗಳು ಹೋದ ವಾರ ಮನೆಯ ಡಬ್ಬಿಗಳಿಗೆಲ್ಲ ಹೀಗೆ ಮಾಡಿ ಅಂಟಿಸಿದ್ದಾಳೆ. ಉಪ್ಪಿನ ಡಬ್ಬಿಯ ಕೋಡಿನಲ್ಲಿ ‘ಇದು ಉಪ್ಪು, ಬಿಪಿ ಇದೆ, ಕಡಿಮೆ ಹಾಕು ತಾತ’ ಎಂದು ತುಂಬಿಸಿದ್ದಾಳೆ, ದಿನಾ ಬೈಸಿಕೊಳ್ಳುತ್ತಿದ್ದೇನೆ.

ಮಾರುವವರಲ್ಲಿ ಯಾರಾದರೂ ಒಂದು ಲೇಬಲ್ ಮಾಡಿ ನೋಡುವುದಾದರೆ ಪರೀಕ್ಷೆಗೆ ನಾನು ಸಿದ್ಧ. ಬಾಟಲಿಯನ್ನು ನಿಮ್ಮ ಕಚೇರಿಗೆ ತಲುಪಿಸಿದರೆ ಮೊಮ್ಮಗಳ ಜೊತೆ ಬಂದು ಓದಿಸಿ ಹೇಳುತ್ತೇನೆ. ಸೀಲ್ ಮಾತ್ರ ಒಡೆದು ತರಬೇಡಿ, ಮೂಗು ಮೊದಲೇ ಹೇಳಿಬಿಡುತ್ತದೆ.

ಇಂತಿ,
ನಿವೃತ್ತ ತೋಟದ ರೈಟರ್
ಸಿದ್ದಾಪುರ, ಕೊಡಗು