ಮೊದಲು ನಡಾವಳಿ ಪುಸ್ತಕ ಓದು

ಸಾಗರ

ಪ್ರೀತಿಯ ಸುಮೇಧಾ,

ನಿನ್ನ ವೀಸಾ ಬಂತು ಅಂತ ನಿಮ್ಮಪ್ಪ ನಿನ್ನೆ ರಾತ್ರಿ ಫೋನ್ ಮಾಡಿದ್ದ. ಕೋಪನ್‌ಹೇಗನ್ನಿನಲ್ಲಿ ಪಿಎಚ್‌ಡಿ, ಅದೂ ಕಾರ್ಪೊರೇಟ್ ಆಡಳಿತದ ಮೇಲೆ. ತುಂಬಾ ಖುಷಿಯಾಯಿತು ಕಣೇ. ನೀನು ಅರ್ಜಿ ಹಾಕಿದ ದಿನದಿಂದ ನಾನೂ ಆ ಕಡೆಯ ದೇಶಗಳ ವಿಷಯ ಸಿಕ್ಕಷ್ಟು ಓದಿದ್ದೇನೆ. ಹೇಳಬೇಕಾದ್ದು ಬಹಳ ಇದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ಘಟನೆ. ಇದನ್ನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ.

ನಾನು ಸಹಕಾರ ಸಂಘಗಳ ಲೆಕ್ಕ ತಪಾಸಣೆಗೆ ಸೇರಿ ಮೂರನೇ ವರ್ಷ. ಒಂದು ಸಂಘಕ್ಕೆ ಹೋಗಿದ್ದೆ. ಲೆಡ್ಜರ್ ನೋಡಿದರೆ ಒಂದು ಪೈಸೆ ವ್ಯತ್ಯಾಸವಿಲ್ಲ. ಮಧ್ಯಾಹ್ನ ಅಲ್ಲಿನ ಗುಮಾಸ್ತರು ಕಾಫಿ ತಂದಿಟ್ಟರು. ಲೋಟ ಎತ್ತಿದರೆ ಕೆಳಗೆ ಒಂದು ಚೀಟಿ. ಅದರಲ್ಲಿ ಬರೀ 11 ಸಾಲದ ನಂಬರ್, ಬೇರೆ ಒಂದಕ್ಷರ ಇಲ್ಲ. ಆ ಅರ್ಜಿಗಳನ್ನು ತೆಗೆಸಿ ಸಾಲಾಗಿ ಮೇಜಿನ ಮೇಲೆ ಹರಡಿದೆ. ಹನ್ನೊಂದೂ ಒಂದೇ ಕೈಬರಹ, ಒಂದೇ ನೀಲಿ ಶಾಯಿ. ‘ಳ’ ಅಕ್ಷರದ ಬಾಲ ಹನ್ನೊಂದರಲ್ಲೂ ಒಂದೇ ಥರ ಮೇಲಕ್ಕೆ ತಿರುಗಿತ್ತು. ಸಾಲಗಾರರೆಲ್ಲ ನಿರ್ದೇಶಕರೊಬ್ಬರ ನೆಂಟರು, ಒಕ್ಕಲುಗಳು. ನಡಾವಳಿ ಪುಸ್ತಕ ತೆಗೆದು ನೋಡಿದರೆ ಪ್ರತಿ ಸಭೆಯಲ್ಲೂ ಅದೇ ಒಂದು ಸಾಲು: ‘ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.’

ನಾನು ವರದಿಯಲ್ಲಿ ಬರೆದೆ. ಮೇಲಿನವರು ಅದನ್ನು ಸಣ್ಣಪುಟ್ಟ ನ್ಯೂನತೆಗಳ ಪಟ್ಟಿಗೆ ಸೇರಿಸಿದರು. ನಾನು ಮತ್ತೆ ಕೇಳಲಿಲ್ಲ. ಎರಡು ವರ್ಷದಲ್ಲಿ ಸಂಘ ಮುಳುಗಿತು. ಠೇವಣಿ ಇಟ್ಟ ಹೆಂಗಸರು ಬಾಗಿಲ ಮುಂದೆ ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಗುಮಾಸ್ತರ ಕೆಲಸ ಅದಕ್ಕಿಂತ ಮೊದಲೇ ಹೋಗಿತ್ತು.

ಆವತ್ತಿನಿಂದ ನಾನು ಯಾವ ಸಂಸ್ಥೆಗೆ ಹೋದರೂ ಲೆಡ್ಜರ್ ಆಮೇಲೆ, ನಡಾವಳಿ ಮೊದಲು. ಯಾರು ಪ್ರಶ್ನೆ ಕೇಳಿದರು, ಆ ಪ್ರಶ್ನೆ ಎಲ್ಲಿಗೆ ಹೋಗಿ ನಿಂತಿತು. ನಿನ್ನ ಸಂಶೋಧನೆಯನ್ನೂ ಅಲ್ಲಿಂದಲೇ ಶುರು ಮಾಡು ಅಂತ ನನ್ನ ಆಸೆ.

ನೀನು ಹೋಗುತ್ತಿರುವ ಊರಿನದೇ ಉದಾಹರಣೆ ಕೊಡುತ್ತೇನೆ. ಭ್ರಷ್ಟಾಚಾರ ಕಡಿಮೆ ಇರುವ ದೇಶಗಳ ಪಟ್ಟಿಯಲ್ಲಿ ಡೆನ್ಮಾರ್ಕ್ ಮತ್ತೆ ಮತ್ತೆ ಮೊದಲ ಸ್ಥಾನಕ್ಕೆ ಬರುತ್ತದೆ. ಅಲ್ಲಿನ ಅತಿ ದೊಡ್ಡ ಬ್ಯಾಂಕ್ ಡಾನ್ಸ್ಕೆ ಬ್ಯಾಂಕ್. ಅದು 2007ರಲ್ಲಿ ಫಿನ್ಲೆಂಡಿನ ಸಾಂಪೊ ಬ್ಯಾಂಕನ್ನು ಕೊಂಡಿತು. ಅದರ ಜೊತೆ ಎಸ್ಟೋನಿಯದ ಟ್ಯಾಲಿನ್‌ನಲ್ಲಿದ್ದ ಒಂದು ಪುಟ್ಟ ವ್ಯವಹಾರವೂ ಬಂತು. ಆ ಶಾಖೆಯಲ್ಲಿ ಎಸ್ಟೋನಿಯದವರೇ ಅಲ್ಲದ, ರಷ್ಯಾ ಮತ್ತು ಸುತ್ತಲಿನ ದೇಶಗಳ ಸಾವಿರಾರು ಗ್ರಾಹಕರಿದ್ದರು. 2007ರಿಂದ 2015ರೊಳಗೆ ಅವರ ಖಾತೆಗಳ ಮೂಲಕ ಹರಿದದ್ದು ಸುಮಾರು 200 ಶತಕೋಟಿ ಯೂರೊ. ಅದರಲ್ಲಿ ದೊಡ್ಡದೊಂದು ಪಾಲು ಸಂಶಯದ ಹಣ ಅಂತ ಬ್ಯಾಂಕೇ ಆಮೇಲೆ ಒಪ್ಪಿಕೊಂಡಿತು. ಇಷ್ಟು ಹಣ ಅಷ್ಟು ಸಣ್ಣ ಶಾಖೆಯ ಮೂಲಕ ಹೋಗುವಾಗ ಕೋಪನ್‌ಹೇಗನ್ನಿನಲ್ಲಿ ಕೂತವರಿಗೆ ಯಾಕೆ ಕಾಣಲಿಲ್ಲ?

ಒಂದು ಕಾರಣ ಕೇಳಿದರೆ ನಿನಗೆ ಆಶ್ಚರ್ಯವಾಗುತ್ತದೆ. ಆ ಶಾಖೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಬ್ಯಾಂಕಿನ ಮುಖ್ಯ ವ್ಯವಸ್ಥೆಗೆ ಸೇರಿಸಲೇ ಇಲ್ಲ. ಖರ್ಚು ಜಾಸ್ತಿ ಅಂತ ಆ ಯೋಜನೆ ಬಿಟ್ಟರು. ಅಲ್ಲಿನ ಎಷ್ಟೋ ಕಾಗದಪತ್ರ ಎಸ್ಟೋನಿಯನ್, ರಷ್ಯನ್ ಭಾಷೆಯಲ್ಲಿತ್ತು. ಹಾಗಾಗಿ ಕೇಂದ್ರ ಕಚೇರಿಗೆ ಶಾಖೆಯ ಲಾಭ ಕಾಣುತ್ತಿತ್ತು, ಗ್ರಾಹಕರು ಕಾಣುತ್ತಿರಲಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ. ಆಡಳಿತ ಮಂಡಳಿ ಹೇಗಿರಬೇಕು ಅಂತ ಎಷ್ಟೋ ನಿಯಮ ಬರೆಯುತ್ತಾರೆ. ಇಲ್ಲಿ ಎಡವಿದ್ದು ಒಂದು ಐಟಿ ಬಜೆಟ್ಟಿನ ಸಾಲಿನಲ್ಲಿ. ಅಂದಹಾಗೆ ಅದೇ ಬ್ಯಾಂಕಿನ ಐಟಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇತ್ತು. 1,400ಕ್ಕೂ ಹೆಚ್ಚು ಜನರಿದ್ದ ಆ ಕೇಂದ್ರವನ್ನು ಇನ್ಫೋಸಿಸ್ ತೆಗೆದುಕೊಳ್ಳುತ್ತದೆ ಅಂತ 2023ರಲ್ಲಿ ಪ್ರಕಟವಾಯಿತು. ಒಂದು ದೊಡ್ಡ ಬ್ಯಾಂಕಿನ ವ್ಯವಸ್ಥೆ ಒಳಗಿನಿಂದ ಹೇಗಿರುತ್ತದೆ ಅಂತ ತಿಳಿಯಬೇಕಿದ್ದರೆ ಹೊರಡುವ ಮೊದಲೇ ಬೆಂಗಳೂರಲ್ಲಿ ಅಂಥ ಕೆಲಸ ಮಾಡಿದ ಒಬ್ಬಿಬ್ಬರನ್ನು ಮಾತಾಡಿಸು.

ಅಲ್ಲೂ ಒಬ್ಬರು ಚೀಟಿ ಇಟ್ಟಿದ್ದರು. ಹೊವಾರ್ಡ್ ವಿಲ್ಕಿನ್ಸನ್ ಅಂತ, ಟ್ಯಾಲಿನ್‌ನಲ್ಲಿ ಬ್ಯಾಂಕಿನ ಬಾಲ್ಟಿಕ್ ಮಾರ್ಕೆಟ್ಸ್ ವಿಭಾಗ ನೋಡಿಕೊಳ್ಳುತ್ತಿದ್ದವರು. ಇಂಗ್ಲೆಂಡಿನಲ್ಲಿ ನೋಂದಣಿಯಾದ ಒಂದು ಗ್ರಾಹಕ ಸಂಸ್ಥೆ, ವ್ಯವಹಾರವೇ ಇಲ್ಲ ಅಂತ ಅಲ್ಲಿನ ಸರ್ಕಾರಕ್ಕೆ ಲೆಕ್ಕ ಕೊಟ್ಟಿತ್ತು. ಅದೇ ಸಂಸ್ಥೆಯ ಖಾತೆ ಟ್ಯಾಲಿನ್‌ನಲ್ಲಿ ತುಂಬಿ ತುಳುಕುತ್ತಿತ್ತು. ಯಾರು ಬೇಕಾದರೂ ತೆಗೆದು ನೋಡಬಹುದಾದ ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದ್ದಷ್ಟೇ ಅವರು ಮಾಡಿದ್ದು. 2013ರ ಡಿಸೆಂಬರ್‌ನಲ್ಲಿ ಮೇಲಿನವರಿಗೆ ಬರೆದರು. 2014ರಲ್ಲಿ ಮತ್ತೆ ಬರೆದರು, ಆಮೇಲೆ ಕೆಲಸ ಬಿಟ್ಟರು. ವಿಷಯ ಪೂರ್ತಿ ಹೊರಗೆ ಬಂದಾಗ 2018.

2018ರ ಸೆಪ್ಟೆಂಬರ್‌ನಲ್ಲಿ ಬ್ರೂನ್ ಆಂಡ್ ಯೈಲೆ ಅನ್ನುವ ವಕೀಲರ ಸಂಸ್ಥೆಯ ವರದಿ ಬಂತು. ಅವರನ್ನು ನೇಮಿಸಿದ್ದು ಬ್ಯಾಂಕೇ, ಅದನ್ನು ನೆನಪಿಟ್ಟುಕೊಂಡೇ ಓದು. ಆದರೂ ಓದಲೇಬೇಕು. ಅದರಲ್ಲಿ 2013ರ ಅಕ್ಟೋಬರ್‌ನ ಒಂದು ಸಭೆಯ ನಡಾವಳಿ ಇದೆ. ಈ ವಿದೇಶಿ ಗ್ರಾಹಕರ ವ್ಯವಹಾರ ಅತಿಯಾಯಿತು, ಕಡಿಮೆ ಮಾಡಬೇಕೇನೋ ಅನ್ನುವ ಮಾತು ಬಂದಿದೆ. ಅದಕ್ಕೆ, ಆಗ ಬ್ಯಾಂಕಿನ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಥಾಮಸ್ ಬೋರ್ಗೆನ್ ಒಂದು ಮಧ್ಯದ ದಾರಿ ಬೇಕು, ಇದನ್ನು ಈ ಸಭೆಯ ಹೊರಗೆ ಮಾತಾಡೋಣ ಅಂದರು ಅನ್ನುವ ಅರ್ಥದ ಸಾಲು ಇದೆ. ಅವರು 2018ರಲ್ಲಿ ರಾಜೀನಾಮೆ ಕೊಟ್ಟರು. ಅವರ ಮೇಲಿನ ಕ್ರಿಮಿನಲ್ ಆರೋಪವನ್ನು ಡೆನ್ಮಾರ್ಕಿನ ಪ್ರಾಸಿಕ್ಯೂಟರ್ 2021ರಲ್ಲಿ ಕೈಬಿಟ್ಟರು. ಹಾಗಾಗಿ ಒಬ್ಬರನ್ನು ಹಿಡಿದು ಕಳ್ಳ ಅನ್ನುವ ಹಕ್ಕು ನಿನಗೂ ಇಲ್ಲ, ನನಗೂ ಇಲ್ಲ. ನೀನು ನೋಡಬೇಕಾದ್ದು ಬೇರೆ. ಸಭೆಯ ಹೊರಗೆ ಹೋದ ಮಾತು ಮತ್ತೆ ಸಭೆಯ ಒಳಗೆ ಬರಲು ಯಾವ ಬಾಗಿಲು ಇತ್ತು? ಬ್ಯಾಂಕ್ ಮಾತ್ರ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಸುಮಾರು 2 ಶತಕೋಟಿ ಡಾಲರ್ ಕಟ್ಟಿತು.

ಮೇಲ್ವಿಚಾರಕರು ಏನು ಮಾಡುತ್ತಿದ್ದರು ಅಂತ ನೀನು ಕೇಳುತ್ತೀಯ. ಎಸ್ಟೋನಿಯದವರು 2014ರಲ್ಲಿ ಹೋಗಿ ತಪಾಸಣೆ ಮಾಡಿ ಕಟುವಾಗಿ ಬರೆದರು. ಆದರೆ ಅದು ಡೆನ್ಮಾರ್ಕಿನ ಬ್ಯಾಂಕಿನ ಶಾಖೆ. ಬ್ಯಾಂಕಿನ ಹೊಣೆ ಡೆನ್ಮಾರ್ಕಿನ ಹಣಕಾಸು ಮೇಲ್ವಿಚಾರಣಾ ಸಂಸ್ಥೆ ಫಿನಾನ್ಸ್‌ಟಿಲ್‌ಸಿನೆಟ್‌ಗೆ, ಶಾಖೆಯಲ್ಲಿ ಅಕ್ರಮ ಹಣ ತಡೆಯುವ ಹೊಣೆ ಎಸ್ಟೋನಿಯದವರಿಗೆ. ಯಾರದು ಎಷ್ಟು ಅಂತ ಎರಡೂ ಕಡೆಯವರು ಆಮೇಲೆ ಬಹಿರಂಗವಾಗಿಯೇ ವಾದ ಮಾಡಿದರು. 2019ರಲ್ಲಿ ಯುರೋಪಿನ ಬ್ಯಾಂಕಿಂಗ್ ಪ್ರಾಧಿಕಾರದ ಮುಂದೆ ಇವರಿಬ್ಬರ ಲೋಪದ ಪ್ರಶ್ನೆ ಬಂತು. ಅಲ್ಲಿ ಓಟು ಹಾಕುವವರು ಆಯಾ ದೇಶಗಳ ಮೇಲ್ವಿಚಾರಕರೇ. ಲೋಪ ಅಂತ ಹೇಳುವ ಪ್ರಸ್ತಾಪ ಬಿದ್ದುಹೋಯಿತು. ಈಗ ಅಕ್ರಮ ಹಣ ತಡೆಯುವುದಕ್ಕೆಂದೇ ಫ್ರಾಂಕ್‌ಫರ್ಟಿನಲ್ಲಿ ಹೊಸ ಪ್ರಾಧಿಕಾರ ಬಂದಿದೆ, 2025ರಲ್ಲಿ ಕೆಲಸ ಶುರು ಮಾಡಿದೆ. ನಾರ್ಡಿಯ ಬ್ಯಾಂಕ್ 2018ರಲ್ಲಿ ಸ್ಟಾಕ್‌ಹೋಮ್ ಬಿಟ್ಟು ಹೆಲ್ಸಿಂಕಿಗೆ ಮನೆ ಬದಲಿಸಿದ ಕತೆಯನ್ನೂ ಇದರ ಜೊತೆಗೇ ಓದು. ದೊಡ್ಡ ಬ್ಯಾಂಕುಗಳ ಮೇಲೆ ಯುರೋಪಿನ ಕೇಂದ್ರ ಬ್ಯಾಂಕೇ ಕಣ್ಣಿಡುವ ಬ್ಯಾಂಕಿಂಗ್ ಒಕ್ಕೂಟ ಅಂತ ಒಂದಿದೆ; ಸ್ವೀಡನ್ ಅದರ ಹೊರಗಿದೆ, ಫಿನ್ಲೆಂಡ್ ಒಳಗಿದೆ. ತನ್ನ ಮೇಲೆ ಯಾರು ಕಣ್ಣಿಡಬೇಕು ಅನ್ನುವುದನ್ನು ದೊಡ್ಡ ಬ್ಯಾಂಕ್ ತಾನೇ ಆರಿಸಿಕೊಳ್ಳಬಹುದು, ನೋಡು!

ಐಸ್‌ಲೆಂಡನ್ನು ಮಾತ್ರ ಬಿಡಬೇಡ. ಪುಟ್ಟ ದೇಶ ಅಂತ ಅಲ್ಲಿನ ಸಂಶೋಧಕರೂ ಕೆಲವರು ದಾಟಿ ಹೋಗುತ್ತಾರೇನೋ. 2008ರ ಅಕ್ಟೋಬರ್‌ನಲ್ಲಿ ಒಂದೇ ವಾರದಲ್ಲಿ ಗ್ಲಿಟ್ನಿರ್, ಲ್ಯಾಂಡ್ಸ್‌ಬಾಂಕಿ, ಕೌಪ್‌ಥಿಂಗ್ ಮೂರೂ ಬಿದ್ದವು. ಆ ಬ್ಯಾಂಕುಗಳ ಗಾತ್ರ ದೇಶದ ಒಂದು ವರ್ಷದ ಉತ್ಪನ್ನದ ಸುಮಾರು ಹತ್ತು ಪಟ್ಟು. ಸಂಸತ್ತು ವಿಶೇಷ ಆಯೋಗ ಮಾಡಿತು. 2010ರ ಏಪ್ರಿಲ್‌ನಲ್ಲಿ ಅದರ ವರದಿ ಬಂತು, ಒಂಬತ್ತು ಸಂಪುಟ. ಅದರಲ್ಲಿರುವ ಮುಖ್ಯ ಮಾತು ಏನು ಗೊತ್ತಾ? ಬ್ಯಾಂಕಿನ ದೊಡ್ಡ ಸಾಲಗಾರರಲ್ಲಿ ಬ್ಯಾಂಕಿನ ದೊಡ್ಡ ಮಾಲೀಕರೇ ಇದ್ದರು. ನನ್ನ ಹನ್ನೊಂದು ಅರ್ಜಿಗಳು ನೆನಪಾಗಿ ಮೈ ಜುಂ ಅಂದಿತು.

ಆ ವರದಿ ಬಂದಾಗ ರೇಕ್ಯವಿಕ್‌ನ ನಗರ ರಂಗಮಂದಿರದ ನಟರು ವೇದಿಕೆ ಮೇಲೆ ನಿಂತು ಅದನ್ನು ಮೊದಲ ಪುಟದಿಂದ ಓದಿದರು. ಹಗಲೂ ರಾತ್ರಿ, ಒಬ್ಬರಾದ ಮೇಲೆ ಒಬ್ಬರು, ದಿನಗಟ್ಟಲೆ. ನಮ್ಮಲ್ಲಿ ಕುಮಾರವ್ಯಾಸನನ್ನು ಸರದಿಯಲ್ಲಿ ಓದುತ್ತಿದ್ದ ಹಾಗೆ ಅನ್ನಿಸಿತು ನನಗೆ. ಲೆಕ್ಕ ತಪಾಸಣೆಯ ವರದಿಯೊಂದಕ್ಕೆ ಅಂಥ ಗೌರವ ಸಿಕ್ಕಿದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಇನ್ನು ಮಾಲೀಕರ ವಿಷಯ. ನಮ್ಮ ಸೊಸೈಟಿಯಲ್ಲಿ ಒಬ್ಬ ಸದಸ್ಯನಿಗೆ ಒಂದು ಓಟು, ಹತ್ತು ಷೇರಿರಲಿ, ನೂರಿರಲಿ. ಸ್ವೀಡನ್ನಿನಲ್ಲಿ ಎ ಷೇರು, ಬಿ ಷೇರು ಅಂತ ಬೇರೆ ಬೇರೆ. ಎರಿಕ್ಸನ್ ಕಂಪನಿಯಲ್ಲಿ 2004ರವರೆಗೆ ಒಂದು ಎ ಷೇರಿನ ಓಟಿಗೆ ಸಾವಿರ ಬಿ ಷೇರು ಸಮ. ಆ ವರ್ಷ ಅದನ್ನು ಹತ್ತಕ್ಕೆ ಇಳಿಸಿದರು. ಕೇಳಿದ ತಕ್ಷಣ ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆ. ಅದೇ ದೇಶದಲ್ಲಿ ನಿರ್ದೇಶಕರ ಹೆಸರು ಸೂಚಿಸುವ ಸಮಿತಿ ಮಂಡಳಿಯ ಒಳಗಿನದಲ್ಲ. ದೊಡ್ಡ ಷೇರುದಾರರ ಪ್ರತಿನಿಧಿಗಳು ಹೊರಗೆ ಕೂತು ಹೆಸರು ಸೂಚಿಸುತ್ತಾರೆ. ನಮ್ಮ ದೇಶದ ಕಂಪನಿಗಳಲ್ಲಿ ಆ ಸಮಿತಿ ಮಂಡಳಿಯದೇ. ನೌಕರರ ಪ್ರತಿನಿಧಿಗಳೂ ಅಲ್ಲಿ ಮಂಡಳಿಯಲ್ಲಿ ಕೂರುತ್ತಾರೆ. 25 ಜನ ಕೆಲಸಗಾರರಿದ್ದರೆ ಸಾಕು, ಸ್ವೀಡನ್ನಿನ ಕಾನೂನು ಆ ಹಕ್ಕು ಕೊಡುತ್ತದೆ. ದೊಡ್ಡ ಮಾಲೀಕನಿಗೆ ಬಲವನ್ನೂ ಕೊಟ್ಟು, ಮೇಜಿನ ಎದುರು ಪ್ರಶ್ನೆ ಕೇಳುವವರನ್ನೂ ಕೂರಿಸುವುದು ಅವರ ರೀತಿ. ಇದು ನನಗೆ ಬಹಳ ಹಿಡಿಸಿತು.

ಡೆನ್ಮಾರ್ಕಿನದು ಇನ್ನೊಂದು ಥರ. ಅಲ್ಲಿ ದೊಡ್ಡ ದೊಡ್ಡ ಕಂಪನಿಗಳ ಹಿಡಿತ ಪ್ರತಿಷ್ಠಾನಗಳ ಕೈಯಲ್ಲಿದೆ. ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನ 1876ರದ್ದು. ನಿನ್ನ ಕಾಲೇಜಿನ ಸ್ಟೀನ್ ಥಾಮ್ಸನ್ ಈ ಮಾಲೀಕತ್ವವನ್ನೇ ವರ್ಷಗಟ್ಟಲೆ ಸಂಶೋಧಿಸಿದವರು. ಇಂಥ ಕಂಪನಿಗಳು ಹೆಚ್ಚು ಕಾಲ ಬಾಳುತ್ತವೆ, ದೂರದ ಲೆಕ್ಕ ಹಾಕುತ್ತವೆ ಅನ್ನುವುದು ಆ ಸಂಶೋಧನೆಯಿಂದ ಬಂದ ಮಾತು. ಸರಿ. ಆದರೆ ನೊವೊ ನಾರ್ಡಿಸ್ಕ್ ನೋಡು. ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಇರುವ ಅದೇ ಔಷಧ ಕಂಪನಿ. ಪ್ರತಿಷ್ಠಾನದ ಬಂಡವಾಳ ನಾಲ್ಕನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಓಟು ನಾಲ್ಕರಲ್ಲಿ ಮೂರು ಪಾಲು. 2025ರ ಅಕ್ಟೋಬರ್‌ನಲ್ಲಿ ಮಂಡಳಿಯನ್ನು ಎಷ್ಟು ಬದಲಿಸಬೇಕು ಅನ್ನುವುದರಲ್ಲಿ ಪ್ರತಿಷ್ಠಾನಕ್ಕೂ ಮಂಡಳಿಗೂ ಹೊಂದಲಿಲ್ಲ. ಅಧ್ಯಕ್ಷರು, ಜೊತೆಗೆ ಆರು ಸ್ವತಂತ್ರ ನಿರ್ದೇಶಕರು ಹೊರಡುವುದಾಗಿ ಹೇಳಿದರು. ಪ್ರತಿಷ್ಠಾನದ ಅಧ್ಯಕ್ಷರೇ ಕಂಪನಿಯ ಅಧ್ಯಕ್ಷರೂ ಆದರು. ದೂರದೃಷ್ಟಿಯ ಮಾಲೀಕ ಮತ್ತು ಮಾತು ಕೇಳದ ಮಾಲೀಕ, ಇವರಿಬ್ಬರನ್ನು ಅಂಕಿಸಂಖ್ಯೆಯಲ್ಲಿ ಹೇಗೆ ಬೇರೆ ಮಾಡುತ್ತೀಯ? ನಾನಾಗಿದ್ದರೆ ಇದನ್ನೇ ಪ್ರಬಂಧದ ವಿಷಯ ಮಾಡಿಕೊಳ್ಳುತ್ತಿದ್ದೆ.

ಅಂಕಿಸಂಖ್ಯೆ ಅಂದಾಗ ಒಂದು ಎಚ್ಚರಿಕೆ. ಮಂಡಳಿಯಲ್ಲಿ ಮಹಿಳೆಯರು ಶೇ 40 ಇರಬೇಕು ಅಂತ ನಾರ್ವೆ 2003ರಲ್ಲಿ ಕಾನೂನು ಮಾಡಿತು. 2008ರ ಹೊತ್ತಿಗೆ ಪಾಲಿಸದಿದ್ದರೆ ಕಂಪನಿಯನ್ನೇ ಮುಚ್ಚಿಸುವ ಶಿಕ್ಷೆ. ಇದರಿಂದ ಕಂಪನಿಗಳ ಮೌಲ್ಯ ಇಳಿಯಿತು ಅಂತ ಅಹರ್ನ್ ಮತ್ತು ಡಿಟ್‌ಮಾರ್ ಅನ್ನುವ ಇಬ್ಬರು ಸಂಶೋಧಕರು 2012ರಲ್ಲಿ ಬರೆದರು. ಅದು ಜಗತ್ತೆಲ್ಲ ಸುತ್ತಿತು. ಎಕ್ಬೊ, ನ್ಯೂಗೋರ್, ಥೋರ್ಬುರ್ನ್ ಅದೇ ಪ್ರಶ್ನೆಯನ್ನು ಮತ್ತೆ ಲೆಕ್ಕ ಹಾಕಿ ಅಂಥ ಇಳಿತ ಗಟ್ಟಿಯಾಗಿ ನಿಲ್ಲುವುದಿಲ್ಲ ಅಂದರು. ಕಾನೂನು ಬಂದದ್ದು ಯಾವ ದಿನ ಅಂತ ಹಿಡಿಯುತ್ತೀಯ ಅನ್ನುವುದರ ಮೇಲೂ ಉತ್ತರ ಬದಲಾಗುತ್ತದೆ. ಮಂತ್ರಿ ಪತ್ರಿಕೆಗೆ ಹೇಳಿದ ದಿನವೋ, ಸಂಸತ್ತು ಒಪ್ಪಿದ ದಿನವೋ? ಮೊದಲು ಬಂದ ಉತ್ತರ ಜೋರಾಗಿ ಕೇಳಿಸಿತು ಅಂತ ಅದಕ್ಕೇ ಅಂಟಿಕೊಳ್ಳಬೇಡ. ಒಂದು ಅಂಕಿ ತಪ್ಪಿದರೆ ಅದನ್ನು ನಂಬಿ ಯಾವುದೋ ದೇಶ ಕಾನೂನು ಬರೆದುಬಿಡುತ್ತದೆ.

ಹೋದ ಮೊದಲ ತಿಂಗಳೇ ಡ್ಯಾನಿಶ್ ಕ್ಲಾಸಿಗೆ ಸೇರು. ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ, ಬೇಕಾಗಿಲ್ಲ ಅಂತ ನಿನ್ನ ಸ್ನೇಹಿತರು ಹೇಳುತ್ತಾರೆ. ವಾರ್ಷಿಕ ವರದಿ ಇಂಗ್ಲಿಷಿನಲ್ಲಿ ಸಿಗುತ್ತದೆ, ನಿಜ. ಊಟದ ಮೇಜಿನ ಮಾತು, ಹಳೆಯ ಪತ್ರಿಕೆ, ಸಂಸತ್ತಿನ ಚರ್ಚೆ ಡ್ಯಾನಿಶ್‌ನಲ್ಲೇ ಇರುತ್ತದೆ. ಟ್ಯಾಲಿನ್‌ನ ಕಾಗದ ಓದಲು ಬಾರದೆ ಒಂದು ದೊಡ್ಡ ಬ್ಯಾಂಕಿಗೆ ಏನಾಯಿತು ನೋಡಿದೆಯಲ್ಲ.

ಚಳಿಗೆ ಉಣ್ಣೆ ಶಾಲು ಕೊಟ್ಟು ಕಳಿಸುತ್ತೇನೆ. ಮಾವಿನ ಮಿಡಿ ಉಪ್ಪಿನಕಾಯಿಯೂ ಇದೆ, ಸೋರದ ಹಾಗೆ ಕಟ್ಟಿಸಿದ್ದೇನೆ. ಕತ್ತಲೆಯ ತಿಂಗಳುಗಳಲ್ಲಿ ಮನಸ್ಸು ಕುಗ್ಗಿದರೆ ಸುಮ್ನೆ ಕೂರಬೇಡ, ಎಷ್ಟು ಹೊತ್ತಾದರೂ ಫೋನ್ ಮಾಡು.

ಮಾರ್ಚ್ ಹೊತ್ತಿಗೆ ಅಲ್ಲಿ ವಾರ್ಷಿಕ ಸಭೆಗಳು ಶುರುವಾಗುತ್ತವೆ. ಯಾವುದಾದರೂ ಒಂದು ಕಂಪನಿಯ ಒಂದೇ ಒಂದು ಷೇರು ಕೊಂಡು, ಅದರ ಸಭೆಗೆ ಹೋಗಿ ಕೊನೆವರೆಗೂ ಕೂತು ಬಾ. ಯಾರು ಎದ್ದು ನಿಂತು ಏನು ಕೇಳಿದರು, ಅಧ್ಯಕ್ಷರು ಏನು ಉತ್ತರ ಕೊಟ್ಟರು, ಎಲ್ಲ ನನಗೆ ವಿವರವಾಗಿ ಬರೆ.

ನಿನ್ನ ಅತ್ತೆ